ವೇಬಿಲ್ಲಿನ ಹಿಂಬದಿ

ಅರಸೀಕೆರೆ ಡಿಪೋದಲ್ಲಿ ಹದಿನೇಳು ವರ್ಷ
ಚಿಲ್ಲರೆ ಎಣಿಸಿದ ಬೆರಳು ನನ್ನದು.
ಮನೆ ಕಟ್ಟಿ ನೋಡು, ಅಂದರು ಎಲ್ಲರೂ.
ಮದುವೆ ನೋಡಿದ್ದಾಗಿತ್ತು,
ಇದನ್ನೂ ನೋಡಿಯೇಬಿಡೋಣ ಅಂದೆ.

ಇಪ್ಪತ್ತು-ಮೂವತ್ತರ ಸೈಟು,
ರೈಲು ಹಳಿಯ ಆಚೆ, ಚರಂಡಿ ಇನ್ನೂ ಬಾರದ ಬಡಾವಣೆ.
ಮೇಸ್ತ್ರಿ ಕಲ್ಲೇಶಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು
ಬೀಡಿ ಕಟ್ಟಿನ ಕಾಗದದ ಮೇಲೆ ಗುಣಿಸಿ
'ಕೂಲಿ ಚದರಕ್ಕೆ ಇಷ್ಟು, ಮಾಲು ನಿಮ್ದು' ಅಂದ.
ನಾನು ಹಳೇ ವೇಬಿಲ್ಲಿನ ಹಿಂಬದಿಗೆ ಬರೆದುಕೊಂಡೆ.
ಇಬ್ಬರ ಲೆಕ್ಕವೂ ಒಂದೇ ಆಗಿದ್ದದ್ದು
ಅವತ್ತು ಮಾತ್ರ.

ಪಾಯ ತೋಡಿದಾಗ ಬಂಡೆ ಸಿಕ್ಕಿತು.
ಬಂಡೆಗೆ ಬೇರೆ ರೇಟು.
ಬಂಡೆ ಸಿಗದ ಮೂಲೆಯಲ್ಲಿ ಇನ್ನೂ ಆಳ ಹೋಗಬೇಕು,
ಅದಕ್ಕೂ ಬೇರೆ ರೇಟು.
ಎಂ ಸ್ಯಾಂಡ್ ಲೋಡು ಬಂದಾಗ ನಾನು ಕಡೂರಿನಲ್ಲಿದ್ದೆ;
ಅಳತೆ ಹಿಡಿದವರು ಯಾರು ಅಂದರೆ
ಟಿಪ್ಪರಿನವನೇ ಹಿಡಿದನಂತೆ.
ಕಂಬಿ ಕಟ್ಟುವ ಅಸ್ಗರ್ ತುಂಡುಗಳನ್ನು ಮೂಲೆಗೆ ಪೇರಿಸಿ
'ವೇಸ್ಟೇಜ್ ಮೇಡಂ' ಎಂದ,
ಯಾರೋ ತೀರಿಕೊಂಡ ಸುದ್ದಿ ಹೇಳುವಷ್ಟು ಮೆಲ್ಲಗೆ.

ಹಾಗಾಗಿ ತುಂಬಿದ ಮೂಟೆ ಎಣಿಸುವುದು ಬಿಟ್ಟು
ಖಾಲಿ ಚೀಲ ಎಣಿಸತೊಡಗಿದೆ.
ಈ ಉಪಾಯ ಡ್ರೈವರ್ ಬೋರಲಿಂಗಣ್ಣನದು;
ಲಿಂಟಲ್ ಮಟ್ಟದಲ್ಲೇ ಮೂರು ವರ್ಷ ನಿಂತ
ತನ್ನ ಮನೆಯ ಮುಂದೆ ಕೂತು ಕಲಿತದ್ದು.

ಮೋಲ್ಡ್ ಹಾಕಿದ ಮರುದಿನ, ಡ್ಯೂಟಿಗೆ ಮೊದಲು,
ಖಾಕಿ ಕೋಟಿನಲ್ಲೇ ಕುಕ್ಕರುಗಾಲಲ್ಲಿ ಕೂತೆ.
ಇಳಿಸಿದ್ದು ಎಪ್ಪತ್ತು. ಚೀಲ ಅರವತ್ತಾರು.

'ಅಕ್ಕಾ, ಮೊನ್ನೆ ನಾಕು ಹನಿ ಬಿತ್ತಲ್ಲ, ಗಟ್ಟಿಯಾದವು.'
ಸಂಪಿನ ಹತ್ತಿರ ಕರೆದೊಯ್ದು ತೋರಿಸಿದ:
ಮೂಟೆಯ ಆಕಾರಕ್ಕೇ ಕಲ್ಲಾಗಿ,
ಚೀಲದ ಹೊಲಿಗೆಯ ಗುರುತು ಸಮೇತ,
ಮೆಟ್ಟಿಲಿನ ಹಾಗೆ ಜೋಡಿಸಿಟ್ಟ ಮೂರು.
'ನಾಲ್ಕನೇದು?'
ಕಲ್ಲೇಶಪ್ಪ ಕರಣೆಯನ್ನು ಬಕೆಟ್ಟಿನ ನೀರಿಗೆ ಅದ್ದಿದ.
ಆಗಲೇ ತೊಳೆದಿದ್ದ ಕರಣೆ.

ಆ ಅದ್ದುವಿಕೆ ನನಗೆ ಗೊತ್ತು.
ಎಂಟು ವರ್ಷದ ಕೆಳಗೆ, ತಿಪಟೂರು ರಸ್ತೆಯಲ್ಲಿ,
ಚೆಕಿಂಗಿನವರು ಜೀಪು ಅಡ್ಡ ಹಾಕಿ ಹತ್ತಿದರು.
ಬ್ಯಾಗಿನಲ್ಲಿ ಹನ್ನೆರಡು ರೂಪಾಯಿ ಹೆಚ್ಚು,
ಒಂದು ಟಿಕೆಟ್ಟು ಕಡಿಮೆ.
ಮರೆತೆನೋ, ಮರೆಯಲಿ ಅಂತ ಬಿಟ್ಟೆನೋ,
ಬರೆದುಕೊಟ್ಟ ಹೇಳಿಕೆಯಲ್ಲಂತೂ ಮರೆತೆ ಎಂದಿದೆ.
ನಲವತ್ತು ದಿನ ಸಸ್ಪೆಂಡು.
ಆ ಇನ್ಸ್‌ಪೆಕ್ಟರು ಪ್ರತಿ ನೋಟಿಗೂ ಹೆಬ್ಬೆರಳಿಗೆ ಎಂಜಲು ಹಚ್ಚುತ್ತಿದ್ದ.
ಚೀಲಗಳ ಮುಂದೆ ನೋಡಿಕೊಂಡೆ,
ನನ್ನ ಹೆಬ್ಬೆರಳೂ ಒದ್ದೆ.

ತಿಂಗಳ ಕೊನೆ. ಬಾಣಾವರ ದಾಟಿ ಕೈ ಅಡ್ಡ ಹಿಡಿದು
ಕಲ್ಲೇಶಪ್ಪನ ಹೆಂಡತಿ ಹತ್ತಿದಳು.
'ಅಗೋ, ಅದೇ ನಮ್ಮನೆ' ಅಂತ ಕಿಟಕಿಯಾಚೆ ತೋರಿಸಿದಳು.
ಊರಿಗೆಲ್ಲ ತಾರಸಿ ಹಾಕಿಕೊಟ್ಟವನಿಗೆ ತಗಡಿನ ಸೂರು,
ಇಟ್ಟಿಗೆ ಕಾಣುವ ಗೋಡೆ.
ಹಿತ್ತಲ ಬಚ್ಚಲಿಗೆ ಮಾತ್ರ ಹೊಸ ಪ್ಲಾಸ್ಟರು,
ನುಣ್ಣಗೆ, ಹೆಗಲ ಮಟ್ಟಕ್ಕೆ ಬಂದು
ತಟ್ಟನೆ ನಿಂತಿತ್ತು.
ಒಂದು ಮೂಟೆಗೆ ಅಷ್ಟೇ ಎತ್ತರ.

ಬಾಯಿಗೆ ಬಂದದ್ದನ್ನು ಸೀಟಿಯಾಗಿ ಊದಿದೆ. ರೈಟ್.
ಅವಳು ಆಧಾರ್ ತೋರಿಸಿದಳು,
ಸೊನ್ನೆ ಟಿಕೆಟ್ ಹರಿದುಕೊಟ್ಟೆ.
ದುಡ್ಡಿಲ್ಲ, ಆದರೂ ಲೆಕ್ಕಕ್ಕುಂಟು;
ಕೊಡದೆ ಬಿಟ್ಟರೆ ನನ್ನ ಮೇಲೇ ಕೇಸು.

ರಾತ್ರಿ ಸಿಮೆಂಟಿನ ಕಾಲಮ್ಮಿಗೆ ಬರೆದೆ:
ಗಟ್ಟಿಯಾದದ್ದು ಮೂರು,
ಸೊನ್ನೆ ಟಿಕೆಟ್ ಒಂದು.

ಹಾಗಂತ ಬಿಟ್ಟುಕೊಟ್ಟೆ ಎಂದಲ್ಲ.
ಬೆಳಗಾದರೆ ಮೆಟ್ಟಿಲಿನ ರೇಟಿಗೆ ಗಂಟಲು ಹರಿಯುವಂತೆ ಜಗಳ.
ಪ್ಲಾಸ್ಟರಿಗೆ ಬಂದ ಹೊಸ ಲೋಡಿಗೆ ಟಾರ್ಪಾಲು ಹೊದಿಸಿ,
ಅಂಚಿಗೆ ಆ ಮೂರು ಕಲ್ಲುಗಳನ್ನೇ ಹೇರಿ,
ಮೂಟೆ ಮೂಟೆಗೂ ಬಳಪದಲ್ಲಿ ನಂಬರು ಹಾಕಿದೆ.
ಕಲ್ಲೇಶಪ್ಪ ನಕ್ಕ: 'ಸೀಟು ನಂಬರಾ ಅಕ್ಕಾ?'
'ಹೂಂ. ಇನ್ನು ಮೇಲೆ ಯಾರೂ
ಮಧ್ಯದಲ್ಲಿ ಇಳಿಯೋ ಹಾಗಿಲ್ಲ.'